ಜಾರದ ಪೆಟ್ಟಿಗೆಯ ಲೆಕ್ಕ

ಪಾಲಿಟೆಕ್ನಿಕ್ಕಿನ ಮೆಕ್ಯಾನಿಕ್ಸ್ ಲ್ಯಾಬಿನಲ್ಲಿ ಅವಳು ಅಟೆಂಡರ್ ಆಗಿ ಇಪ್ಪತ್ತೆರಡು ವರ್ಷ. ಅಲ್ಲಿನ ಒಂದೊಂದು ತೂಕದ ಬಟ್ಟಿನ ಗುಣವೂ ಅವಳಿಗೆ ಗೊತ್ತು. ಐವತ್ತು ಗ್ರಾಮಿನ ಬಟ್ಟುಗಳಲ್ಲಿ ಒಂದರ ಅಂಚು ಸವೆದು ಅದು ನಲವತ್ತೆಂಟಕ್ಕೆ ಇಳಿದಿತ್ತು. ಅದನ್ನು ಯಾವ ಬ್ಯಾಚಿಗೂ ಕೊಡದೆ ಡ್ರಾಯರಿನ ಮೂಲೆಯಲ್ಲಿ ಬಟ್ಟೆ ಸುತ್ತಿ ಇಟ್ಟಿದ್ದಳು. ಎಸೆಯಲು ಮನಸ್ಸು ಬರುತ್ತಿರಲಿಲ್ಲ. ಸವೆದಿದೆ ಎಂದ ಮಾತ್ರಕ್ಕೆ ಎಸೆಯುತ್ತಾರೆಯೇ ಎಂಬುದು ಅವಳ ವಾದ.

ಇಂಥವಳಿಗೆ ಒಂದೇ ಒಂದು ಆಸೆ. ತೂಕ ಎತ್ತಿ ಕೊಡುವ ಬದಲು ಒಂದು ದಿನ ಆ ಮಕ್ಕಳಿಗೆ ಪಾಠ ಹೇಳಬೇಕು. ಹಿಂದೊಮ್ಮೆ ಒಬ್ಬ ಹುಡುಗಿ ರಾಟೆಗೆ ದಾರವನ್ನು ಓರೆಯಾಗಿ ಕಟ್ಟಿ ಒದ್ದಾಡುತ್ತಿದ್ದಾಗ, ಇವಳು ಹತ್ತಿರ ಹೋಗಿ ದಾರ ಹಲಗೆಗೆ ಸಮಾನಾಂತರವಾಗಿರಬೇಕು ಅಂತ ತೋರಿಸಿಕೊಟ್ಟಿದ್ದಳು. ಅಂದಿನ ಮುಖ್ಯಸ್ಥರು, "ನಿಮ್ಮ ಕೆಲಸ ತೂಕ ಕೊಡೋದಮ್ಮ, ಪಾಠ ಹೇಳೋದಲ್ಲ" ಎಂದುಬಿಟ್ಟರು. ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದುಹೋಯಿತು.

ದಾರಿ ಇಲ್ಲದಿರಲಿಲ್ಲ. ಇಪ್ಪತ್ತು ವರ್ಷ ತುಂಬಿದ ಅಟೆಂಡರುಗಳು ಇಲಾಖೆಯ ಪರೀಕ್ಷೆ ಪಾಸು ಮಾಡಿದರೆ ಇನ್‌ಸ್ಟ್ರಕ್ಟರ್ ಆಗಬಹುದು. ಐವತ್ತು ತುಂಬುವುದರೊಳಗೆ ಮೂರೇ ಮೂರು ಅವಕಾಶ. ಪಾಸಿಗೆ ನಲವತ್ತು ಅಂಕ. ಮೊದಲ ಸಲ ಮೂವತ್ತನಾಲ್ಕು, ಎರಡನೇ ಸಲ ಮೂವತ್ತೇಳು. ಈಗ ವಯಸ್ಸು ನಲವತ್ತೊಂಬತ್ತು, ಉಳಿದಿರುವುದು ಒಂದೇ ಅವಕಾಶ. ಇದೂ ಕೈತಪ್ಪಿದರೆ ನಿವೃತ್ತಿಯವರೆಗೂ ಬಟ್ಟು ಒರೆಸುವುದೇ ಗತಿ.

ಮನೆಯಲ್ಲೇ ಮೇಷ್ಟರಿದ್ದೂ ಈ ಪಾಡು ಎಂದರೆ ಯಾರೂ ನಂಬುವುದಿಲ್ಲ. ಅವಳ ಸೊಸೆ ಅದೇ ಪಾಲಿಟೆಕ್ನಿಕ್ಕಿನಲ್ಲಿ ಸ್ಟ್ಯಾಟಿಕ್ಸ್ ಕಲಿಸುವ ಲೆಕ್ಚರರ್. ಆ ಸಂಬಂಧ ಕೂಡಿದ್ದೂ ಲ್ಯಾಬಿನ ಬಾಗಿಲಲ್ಲೇ. ಅಚ್ಚುಕೂಟದಲ್ಲಿ ಯಂತ್ರ ರಿಪೇರಿ ಮಾಡುವ ಮಗ ಇದ್ದಕ್ಕಿದ್ದಂತೆ ದಿನಾ ಅಮ್ಮನಿಗೆ ಊಟದ ಡಬ್ಬಿ ತಂದುಕೊಡತೊಡಗಿದ. ಇವನಿಗೆ ಈ ಮಾತೃಭಕ್ತಿ ಎಲ್ಲಿಂದ ಉಕ್ಕಿತು ಎಂದು ತಾಯಿ ಯೋಚಿಸುವಷ್ಟರಲ್ಲಿ ಮದುವೆಯೇ ಆಗಿಹೋಯಿತು. ಎರಡು ವರ್ಷವಾದರೂ ಅತ್ತೆಗೆ ಸೊಸೆಯನ್ನು "ಮೇಡಂ" ಎನ್ನುವ ಚಾಳಿ ಮಾತ್ರ ಹೋಗಲಿಲ್ಲ. ಲ್ಯಾಬಿನಲ್ಲಿ ಸರಿ, ಅಡುಗೆಮನೆಯಲ್ಲೂ "ಮೇಡಂ, ಉಪ್ಪು ಸಾಕಾ ನೋಡಿ." ಸೊಸೆ ನಗುತ್ತಿದ್ದಳು. ಆದರೆ ಆ ನಗೆಯ ಕೊನೆಯಲ್ಲಿ ಒಂದು ಸಣ್ಣ ನೋವು ಇರುತ್ತಿತ್ತು. ಅತ್ತೆಗೆ ಅದು ಕಾಣದೆ ಇರಲಿಲ್ಲ. ಆದರೂ ನಾಲಿಗೆ ಹೊರಳುತ್ತಿರಲಿಲ್ಲ. ಮೊದಲೆರಡು ಸಲ ಸೊಸೆಯಿಂದ ಹೇಳಿಸಿಕೊಳ್ಳದೆ ಪರೀಕ್ಷೆಗೆ ಹೋಗಿದ್ದೂ ಇದೇ ಸಂಕೋಚಕ್ಕೆ. ತಾನು ದಡ್ಡಿ ಎಂದು ಅವಳಿಗೆ ಗೊತ್ತಾಗಿಬಿಟ್ಟರೆ?

ಮೂರನೇ ಸಲ ಸೊಸೆಯೇ ಬಿಡಲಿಲ್ಲ. ಅತ್ತೆಯ ಸಹಿ ಹಾಕಿಸಿಕೊಂಡು, ಹಳೆಯ ಉತ್ತರಪತ್ರಿಕೆಗಳ ನಕಲು ತರಿಸಿದಳು. ಒಂದು ಭಾನುವಾರ ಮಧ್ಯಾಹ್ನ ಎರಡನ್ನೂ ಊಟದ ಮೇಜಿನ ಮೇಲೆ ಹರಡಿ, ಕೆಂಪು ಗೆರೆಗಳನ್ನೆಲ್ಲ ನೋಡಿ ತಲೆಯೆತ್ತಿದಳು.

"ಅತ್ತೆ, ಏಣಿ ಲೆಕ್ಕ ಸರಿ ಮಾಡಿದ್ದೀರ. ಬೆಣೆ ಲೆಕ್ಕ ಸರಿ. ಇವು ನನ್ನ ಕ್ಲಾಸಿನ ಹುಡುಗರಿಗೇ ಬರಲ್ಲ. ಈ ಸುಲಭದ್ದರಲ್ಲಿ ಬಿದ್ದಿದ್ದೀರಲ್ಲ, ಎರಡು ಸಲವೂ ಒಂದೇ ಕಡೆ!"

"ಯಾವುದರಲ್ಲಿ ಮೇಡಂ?"

"ಈ ಪೆಟ್ಟಿಗೆ. ತೂಕ ಐನೂರು, ಘರ್ಷಣೆ ಗುಣಾಂಕ ಸೊನ್ನೆ ಪಾಯಿಂಟ್ ನಾಲ್ಕು. ನೂರರಷ್ಟು ಬಲದಿಂದ ಎಳೀತಿದ್ದಾರೆ. ಘರ್ಷಣೆ ಎಷ್ಟು ಅಂತ ಕೇಳಿದ್ರೆ ಇನ್ನೂರು ಅಂತ ಬರೆದಿದ್ದೀರ."

"ಐನೂರನ್ನ ನಾಲ್ಕರಿಂದ ಗುಣಿಸಿ ಹತ್ತರಿಂದ ಭಾಗಿಸಿದ್ರೆ ಇನ್ನೂರೇ ತಾನೆ?"

"ಹಾಗಾದ್ರೆ ಈ ಕಡೆ ನೂರರಲ್ಲಿ ಎಳೆದ್ರೆ ಆ ಕಡೆ ಇನ್ನೂರು ಎಳೆಯುತ್ತೆ. ಪೆಟ್ಟಿಗೆ ಎಳೆದವನ ಮೇಲೆ ಮುನಿಸಿಕೊಂಡು ತಾನೇ ಹಿಂದಕ್ಕೆ ಓಡಿಹೋಗುತ್ತಲ್ಲ ಅತ್ತೆ!"

ಪಕ್ಕದಲ್ಲಿ ಸ್ಕ್ರೂಡ್ರೈವರ್ ಹಿಡಿದು ಫ್ಯಾನು ಬಿಚ್ಚುತ್ತಿದ್ದ ಮಗ ಕಿಸಕ್ಕನೆ ನಕ್ಕ. "ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನೋದು ಇದಕ್ಕೇ ನೋಡು. ಚಿಕ್ಕವನಿದ್ದಾಗ ಮಗ್ಗಿ ತಪ್ಪಿದ್ರೆ ನನ್ನ ಕಿವಿ ಹಿಂಡ್ತಿದ್ದೆಯಲ್ಲಮ್ಮ, ಈಗ ಅನುಭವಿಸು."

"ನೀನು ಫ್ಯಾನು ಬೀಳಿಸ್ಬೇಡ, ಸಾಕು" ಎಂದಳು ತಾಯಿ.

ಸೊಸೆ ನಾಲ್ಕು ಥರ ಹೇಳಿದಳು. ಇನ್ನೂರು ಎಂಬುದು ಘರ್ಷಣೆಯ ಗರಿಷ್ಠ ಮಿತಿ. ಅಲ್ಲಿಯವರೆಗೆ, ಎಷ್ಟು ಎಳೆದರೆ ಅಷ್ಟೇ ಅದು ತಡೆಯುತ್ತದೆ. ಮಿತಿ ದಾಟಿದರೆ ಮಾತ್ರ ಜಾರುತ್ತದೆ. ಮೊದಲು ನಿಂತಿದೆ ಎಂದು ಊಹಿಸಬೇಕು, ನಿಲ್ಲಲು ಎಷ್ಟು ಬೇಕು ಎಂದು ಕಂಡುಹಿಡಿಯಬೇಕು, ಆಮೇಲೆ ಮಿತಿಗೆ ಹೋಲಿಸಬೇಕು. ಅತ್ತೆ ಎಲ್ಲದಕ್ಕೂ ತಲೆಯಾಡಿಸಿದಳು. ಮುಂದಿನ ಲೆಕ್ಕ ಕೊಟ್ಟಾಗ ಮತ್ತೆ ಗುಣಿಸಿ ಬರೆದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಎಂದು ತನ್ನನ್ನೇ ಬೈದುಕೊಂಡಳು.

"ನೀವು ದಡ್ಡರಲ್ಲ ಅತ್ತೆ" ಎಂದಳು ಸೊಸೆ. ಅತ್ತೆ ಎಂದೂ ಬಾಯಿಬಿಟ್ಟು ಕೇಳದ ಪ್ರಶ್ನೆಗೆ ಉತ್ತರ ಅದು. "ಎಲ್ಲೋ ಏನೋ ಸಿಕ್ಕಿಹಾಕ್ಕೊಂಡಿದೆ. ಎಲ್ಲಿ ಅಂತ ನೋಡೋಣ."

ಮರುದಿನ ಮಧ್ಯಾಹ್ನ, ಲ್ಯಾಬು ಖಾಲಿಯಾಗಿದ್ದಾಗ, ಸೊಸೆ ಮೂಲೆಯ ಸ್ಟೂಲಿನ ಮೇಲೆ ಕೂತು, "ಹುಡುಗರಿಗೆ ಹೇಗೆ ಮಾಡಿಸ್ತೀರೋ ಹಾಗೇ ಮಾಡಿ ತೋರಿಸಿ" ಎಂದಳು. ಇದಾದರೆ ಅತ್ತೆಗೆ ನೀರು ಕುಡಿದಷ್ಟು ಸಲೀಸು. ಹಲಗೆಯನ್ನು ಒರೆಸಿ, ಒಂದು ಕಿಲೋ ತೂಗುವ ಮರದ ಪೆಟ್ಟಿಗೆಯನ್ನು ಇಟ್ಟು, ದಾರವನ್ನು ರಾಟೆಯ ಮೇಲೆ ಹಾಯಿಸಿ ತಟ್ಟೆ ತೂಗುಹಾಕಿದಳು. ಐವತ್ತು, ನೂರು, ನೂರೈವತ್ತು. ಬಟ್ಟು ಹಾಕುತ್ತ ಹೋದಳು. ನಾನೂರಕ್ಕೆ ಪೆಟ್ಟಿಗೆ ಸರ್ರನೆ ಜಾರಿತು. "ನಾನೂರು" ಎಂದು ಹೇಳಿ ರೆಕಾರ್ಡ್ ಹಾಳೆಯಲ್ಲಿ ಬರೆದಳು.

ಸೊಸೆ ಆ ಹಾಳೆಯನ್ನೇ ನೋಡುತ್ತ ಕೂತಳು. ಸಾಲು ಸಾಲು ಅಂಕಿಗಳು, ಎಲ್ಲವೂ ಜಾರಿದ ಗಳಿಗೆಯವು.

"ಇಪ್ಪತ್ತೆರಡು ವರ್ಷ ಇದನ್ನೇ ಬರೆಸಿದ್ದೀರ. ಜಾರಿದಾಗ ಎಷ್ಟು ಅಂತ. ಈ ತಪ್ಪು ನಿಮ್ಮದಲ್ಲ ಅತ್ತೆ, ನಮ್ಮ ಹಾಳೇದು."

ಅವಳು ಎದ್ದು ತಟ್ಟೆಯ ಬಟ್ಟುಗಳನ್ನೆಲ್ಲ ತೆಗೆದು, ಪೆಟ್ಟಿಗೆಯನ್ನು ಮೊದಲಿನ ಜಾಗಕ್ಕೆ ತಂದು, ಮೂರೇ ಬಟ್ಟು ಹಾಕಿದಳು. ನೂರೈವತ್ತು. ಪೆಟ್ಟಿಗೆ ಕದಲಲಿಲ್ಲ.

"ಈಗ ಘರ್ಷಣೆ ಎಷ್ಟು?"

"ಇನ್ನೂ ಕದಲೇ ಇಲ್ವಲ್ಲ. ಏನೂ ಇಲ್ಲ."

"ಏನೂ ಇಲ್ವಾ? ನೂರೈವತ್ತು ಎಳೀತಾ ಇದೆ. ಏನೂ ಇಲ್ದಿದ್ರೆ ಪೆಟ್ಟಿಗೆ ಹೋಗ್ಬೇಕಿತ್ತಲ್ಲ? ಹಾಗಾದ್ರೆ ಅದನ್ನ ಹಿಡ್ಕೊಂಡಿರೋದು ಯಾರು?"

ಅತ್ತೆ ಪೆಟ್ಟಿಗೆಯ ಹತ್ತಿರ ಬಗ್ಗಿ, ಅದು ಹಲಗೆಗೆ ಕೂತ ಜಾಗವನ್ನು ಬಹಳ ಹೊತ್ತು ನೋಡಿದಳು. ತಟ್ಟೆಯಿಂದ ಒಂದು ಬಟ್ಟು ತೆಗೆದಳು. ಪೆಟ್ಟಿಗೆ ಹಾಗೇ ನಿಂತಿತ್ತು. ಎರಡು ಸೇರಿಸಿದಳು. ಆಗಲೂ ಹಾಗೇ ನಿಂತಿತ್ತು.

"ನಿಮ್ಮ ಮಾವ" ಎಂದಳು ಕೊನೆಗೆ.

ಮಾವನನ್ನು ಸೊಸೆ ನೋಡಿರಲಿಲ್ಲ. ಮದುವೆಗೆ ಎರಡು ವರ್ಷ ಮೊದಲೇ ತೀರಿಕೊಂಡಿದ್ದರು. ಪಾರ್ಶ್ವವಾಯು ಬಡಿದು ನಾಲ್ಕು ವರ್ಷ ಮಲಗಿದ್ದರು ಎಂದಷ್ಟೇ ಅವಳಿಗೆ ಗೊತ್ತಿತ್ತು.

"ಬಚ್ಚಲಿಗೆ ಕರ್ಕೊಂಡು ಹೋಗ್ಬೇಕಿತ್ತು ದಿನಾ" ಎಂದಳು ಅತ್ತೆ, ಕಣ್ಣು ಪೆಟ್ಟಿಗೆಯ ಮೇಲೇ ಇಟ್ಟು. "ಗೋಡೆಗೂ ನನಗೂ ಮಧ್ಯೆ ನಿಲ್ಲಿಸ್ಕೊಂಡು. ಒಂದು ದಿನ ಜಾಸ್ತಿ ವಾಲ್ತಿದ್ರು, ಒಂದು ದಿನ ಕಮ್ಮಿ. ನಾನು ಜಾಸ್ತಿ ಒತ್ತಿದ್ರೆ ಆ ಕಡೆ ಗೋಡೆಗೆ ಹೋಗಿ ಬಡೀತಿದ್ರು. ಕಮ್ಮಿ ಮಾಡಿದ್ರೆ ನನ್ನ ಮೇಲೇ ಕುಸೀತಿದ್ರು. ಎಷ್ಟು ವಾಲ್ತಾರೋ ಅಷ್ಟೇ ಒತ್ತಿ ನಿಲ್ಬೇಕು. ಈ ಬಲ ಹೆಗಲಿಗೇ ಗೊತ್ತಾಗಿಬಿಡ್ತಿತ್ತು, ಇವತ್ತು ಎಷ್ಟು ಅಂತ. ನಾಲ್ಕು ವರ್ಷದಲ್ಲಿ ಒಂದು ಸಲವೂ ಬೀಳಲಿಲ್ಲ."

ಅತ್ತೆ ಅಲುಗುತ್ತಿದ್ದ ತಟ್ಟೆಯನ್ನು ಬೆರಳಲ್ಲಿ ಹಿಡಿದು ನಿಲ್ಲಿಸಿದಳು.

"ತೀರ್ಕೊಂಡ ದಿನ ನಮ್ಮ ನಾದಿನಿ ಎಲ್ಲರೆದುರಿಗೆ ಅಂದಳು, ನಾಲ್ಕು ವರ್ಷ ಇವಳು ಏನು ಮಾಡಿದ್ಲು, ಅವನು ಇದ್ದಲ್ಲೇ ಇದ್ದ, ಒಂದು ಹೆಜ್ಜೆ ಮುಂದಕ್ಕೆ ಹೋಗ್ಲಿಲ್ಲ ಅಂತ. ನನಗೂ ಹೌದು ಅನ್ನಿಸ್ತು. ಏನು ಮಾಡ್ದೆ ನಾನು? ಸುಮ್ನೆ ನಿಂತಿದ್ದೆ ಅಷ್ಟೇ."

ಸೊಸೆ ಹತ್ತಿರ ಬಂದು ಅತ್ತೆಯ ಬಲ ಹೆಗಲ ಮೇಲೆ ಕೈಯಿಟ್ಟಳು. ಅತ್ತೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು ತಟ್ಟೆಯ ಬಟ್ಟುಗಳನ್ನು ಎಣಿಸಿದಳು. ನಾಲ್ಕು ಇದ್ದವು.

"ಇನ್ನೂರು" ಎಂದಳು. "ಈಗ ಇನ್ನೂರು ಹಿಡ್ಕೊಂಡಿದೆ. ನಾನೂರರವರೆಗೂ ಹಿಡಿಯುತ್ತೆ. ಅಲ್ವಾ?"

"ಅಷ್ಟೇ ಅತ್ತೆ. ಪಾಠ ಪೂರ್ತಿ ಅಷ್ಟೇ."

ಪರೀಕ್ಷೆಯ ದಿನ ಸೊಸೆ ರಜೆ ಹಾಕಿ ಹೊರಗಿನ ಮೆಟ್ಟಿಲ ಮೇಲೆ ಕೂತಿದ್ದಳು. ಒಳಗೆ ಅತ್ತೆ ಐದನೇ ಪ್ರಶ್ನೆಯನ್ನು ಎರಡು ಸಲ ಓದಿದಳು. ಅದೇ ಪೆಟ್ಟಿಗೆ! ತೂಕವೂ ಅದೇ, ಗುಣಾಂಕವೂ ಅದೇ, ಈ ಸಲ ಎಳೆಯುವ ಬಲ ಮಾತ್ರ ನೂರಿಪ್ಪತ್ತು. ಹುಟ್ಟುಗುಣ ಸುಟ್ಟರೂ ಹೋಗದು ಎನ್ನುತ್ತಾರಲ್ಲ, ಇಪ್ಪತ್ತೆರಡು ವರ್ಷದ ಅಭ್ಯಾಸವೂ ಅಷ್ಟು ಸುಲಭಕ್ಕೆ ಬಿಡುವಂಥದ್ದಲ್ಲ. ಕೈ ತಾನಾಗಿಯೇ "ಘರ್ಷಣೆ = 200" ಎಂದು ಬರೆದುಬಿಟ್ಟಿತು. ಆರನೇ ಪ್ರಶ್ನೆಗೆ ಹೋಗಬೇಕೆಂದು ಪುಟ ತಿರುಗಿಸಿದವಳ ಬಲ ಹೆಗಲು ಯಾಕೋ ಎಚ್ಚೆತ್ತ ಹಾಗಾಯಿತು. ಜಾಸ್ತಿ ಒತ್ತುತ್ತಿದ್ದೀಯ, ಆ ಕಡೆ ಗೋಡೆಗೆ ಹೋಗಿ ಬಡಿಯುತ್ತಾರೆ. ಪುಟ ಹಿಂದಕ್ಕೆ ತಿರುಗಿಸಿ ಇನ್ನೂರನ್ನು ಹೊಡೆದುಹಾಕಿದಳು.

"ಹೇಗಾಯ್ತು?" ಎಂದು ಓಡಿ ಬಂದಳು ಸೊಸೆ. "ಪೆಟ್ಟಿಗೆ ಬಂದಿತ್ತಾ?"

"ಬಂದಿತ್ತು. ನೂರಿಪ್ಪತ್ತು ಅಂತ ಬರೆದೆ."

"ಇನ್ನೂರು ಎಲ್ಲಿ ಹೋಯ್ತು?"

"ಪೆಟ್ಟಿಗೆ ಹತ್ತಿರಾನೇ ಇದೆ. ಎಳೆದೋರು ಕೇಳಿದ್ದು ನೂರಿಪ್ಪತ್ತು ತಾನೆ?"

ಸೊಸೆ ದಾರಿ ಮಧ್ಯದಲ್ಲೇ ಅತ್ತೆಯನ್ನು ತಬ್ಬಿಕೊಂಡುಬಿಟ್ಟಳು. ಪರೀಕ್ಷೆ ಬರೆದು ಹೊರಬಂದವರೆಲ್ಲ ತಿರುಗಿ ನೋಡಿದರು. ಅತ್ತೆಗೆ ನಾಚಿಕೆಯಾದರೂ ಬಿಡಿಸಿಕೊಳ್ಳಲಿಲ್ಲ.

ಒಂದು ತಿಂಗಳ ನಂತರ ಫಲಿತಾಂಶ ಬಂತು. ನಲವತ್ತಾರು. ಮಗ ಇಡೀ ಅಚ್ಚುಕೂಟಕ್ಕೆ ಚಹಾ ಕುಡಿಸಿದ. ಅತ್ತೆ ಮಾತ್ರ ಆಫೀಸಿಗೆ ಹೋಗಿ ಉತ್ತರಪತ್ರಿಕೆಯ ನಕಲಿಗೆ ಅರ್ಜಿ ಹಾಕಿದಳು. ಗುಮಾಸ್ತರು ಕನ್ನಡಕ ಮೇಲೆತ್ತಿ, "ಫೇಲಾದೋರು ಕೇಳ್ತಾರಮ್ಮ. ಪಾಸಾದೋರು ಕೇಳಿದ್ದು ಇದೇ ಮೊದಲು" ಎಂದರು.

"ಇರಲಿ ಬಿಡಿ ಸಾರ್. ಬರೆದಿದ್ದನ್ನ ಒಂದು ಸಲ ನೋಡ್ಬೇಕು" ಎಂದಳು.

ಇನ್‌ಸ್ಟ್ರಕ್ಟರ್ ಆಗಿ ಮೊದಲ ತರಗತಿಯಲ್ಲೇ ಅವಳು ರೆಕಾರ್ಡ್ ಹಾಳೆಯಲ್ಲಿ ಜಾರಿದ ಸಾಲಿನ ಮೇಲೆ ಇನ್ನೂ ಮೂರು ಸಾಲು ಹಾಕಿಸಿದಳು. ಒಬ್ಬ ಹುಡುಗಿ ನೂರು ಗ್ರಾಮು ಹಾಕಿ ಕಾದು, "ಮೇಡಂ, ಏನೂ ಆಗ್ಲಿಲ್ಲ. ಏನು ಬರೀಲಿ?" ಎಂದಳು.

"ಎಷ್ಟು ಹಾಕಿದೆ?"

"ನೂರು."

"ಹಾಗಾದ್ರೆ ನೂರು ಅಂತ ಬರಿ. ಅಷ್ಟು ಹಿಡ್ಕೊಂಡಿದೆ ಅದು."

ಹುಡುಗಿ ಬರೆದಳು.

ಅದೇ ದಿನ ಸಂಜೆ ನಕಲು ಕೈಗೆ ಬಂತು. ಅತ್ತೆ ಅದನ್ನು ತೆರೆಯದೆ ಮನೆಗೆ ತಂದು ಸೊಸೆಯ ಕೈಗೆ ಕೊಟ್ಟಳು. ಸೊಸೆ ಪುಟ ಮಗುಚಿ ಐದನೇ ಪ್ರಶ್ನೆಗೆ ಬಂದಳು. ಹೊಡೆದುಹಾಕಿದ ಇನ್ನೂರು ಇತ್ತು. ಕೆಳಗೆ ನೂರಿಪ್ಪತ್ತು. ಅದರ ಕೆಳಗೆ, ಯಾವ ಪ್ರಶ್ನೆಯೂ ಕೇಳದಿದ್ದ ಎರಡು ಸಾಲು, ಅತ್ತೆಯ ದುಂಡಗಿನ ಅಕ್ಷರದಲ್ಲಿ. ಸೊಸೆ ಜೋರಾಗಿ ಓದಿದಳು.

"ಪೆಟ್ಟಿಗೆ ಕದಲಲಿಲ್ಲ ಎಂದರೆ ಅಲ್ಲಿ ಯಾರೂ ಏನೂ ಮಾಡುತ್ತಿಲ್ಲ ಎಂದು ಅರ್ಥವಲ್ಲ. ಕೇಳಿದಷ್ಟನ್ನೂ ಕೊಟ್ಟು ಹಿಡಿದುಕೊಂಡಿದೆ, ಅದಕ್ಕೇ ಕದಲಿಲ್ಲ."

ಆ ಸಾಲುಗಳ ಪಕ್ಕದಲ್ಲಿ, ಯಾರೋ ಗುರುತಿಲ್ಲದ ಪರೀಕ್ಷಕರು ಒಂದೇ ಪದ ಬರೆದಿದ್ದರು: "ಸರಿ."

ಅತ್ತೆ ಹಾಳೆಯನ್ನು ಇಸಿದುಕೊಂಡು ಆ ಪದದ ಮೇಲೆ ಬೆರಳಿಟ್ಟಳು. ನಾಲ್ಕು ವರ್ಷ ಮಾಡಿದ ಕೆಲಸಕ್ಕೆ ಇದುವರೆಗೂ ಯಾರೂ ಸರಿ ಎಂದಿರಲಿಲ್ಲ. ಅವಳೇ ಅಂದುಕೊಂಡಿರಲಿಲ್ಲ. ಹಾಳೆಯನ್ನು ನಾಲ್ಕಾಗಿ ಮಡಿಸಿ, ಗೋಡೆಯ ಮೇಲಿದ್ದ ಗಂಡನ ಫೋಟೋದ ಚೌಕಟ್ಟಿನ ಹಿಂದೆ ಸಿಕ್ಕಿಸಲು ಸ್ಟೂಲು ಹತ್ತಿದಳು. ಸ್ಟೂಲಿನ ಒಂದು ಕಾಲು ಮೊದಲಿನಿಂದಲೂ ಗಿಡ್ಡ.

"ಅಯ್ಯೋ, ಜೋಪಾನ ಅತ್ತೆ!" ಎಂದು ಸೊಸೆ ಎದ್ದಳು.

"ನಿನ್ನ ಮಾವನಿಗೆ ಇದನ್ನ ತೋರಿಸ್ಬೇಕು ಕಣೇ, ಮಗಳೇ" ಎಂದಳು ಅತ್ತೆ. "ಬಾ, ಒಂದು ಚೂರು ಹಿಡ್ಕೋ."

ಸೊಸೆ ಬಂದು ಹಿಡಿದುಕೊಂಡಳು.