ಪಲ್ಯದ ಪಾಳಿ

ಹೆಂಡತಿ ತೀರಿಕೊಂಡ ಮೇಲೆ ಬಂಡೆಪ್ಪ ಹೋಟೆಲಿನ ಪೂರಿ, ಮಿರ್ಚಿ ಭಜಿ, ಚಹಾದ ಮೇಲೆಯೇ ದಿನ ತಳ್ಳುತ್ತಿದ್ದ. ಮನೆಯಲ್ಲಿ ಒಲೆ ಹೊತ್ತಿ ಎರಡು ವರ್ಷವಾಗಿತ್ತು. ನಾಗಲಗಿದ್ದದ ಹತ್ತಿರದ ಒಂದು ಹಳ್ಳಿಯಲ್ಲಿ ಅವನಿಗೆ ಮೂವತ್ತು ಕುರಿಗಳಿದ್ದವು. ಅವುಗಳ ಹೊಟ್ಟೆಯ ಚಿಂತೆ ಅವನಿಗಿತ್ತು, ತನ್ನದಿರಲಿಲ್ಲ. ಮಳೆಗಾಲದ ಒಂದು ಮಧ್ಯಾಹ್ನ ಶರಣಬಸಮ್ಮನ ತೊಗರಿ ಹೊಲದ ಬದುವಿನಲ್ಲಿ ತಲೆ ತಿರುಗಿ ಬಿದ್ದ. ನಾರಾಯಣಖೇಡದ ದವಾಖಾನೆಯಲ್ಲಿ ರಕ್ತ ಕಮ್ಮಿಯಾಗಿದೆ, ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದೆ ಎಂದರು. ಗುಳಿಗೆ ಕೊಟ್ಟು, ಬೇಳೆ, ಸೊಪ್ಪು ತಿನ್ನಲು ಹೇಳಿದರು. ಅವನು ಗುಳಿಗೆಯನ್ನಷ್ಟೇ ತಿಂದ.

ಆ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಆರು ಹೆಂಗಸರು ಮಧ್ಯಾಹ್ನ ಬೇವಿನ ಮರದ ಕೆಳಗೆ ಮೂರು ಕಲ್ಲು ಹೂಡಿ ಒಂದು ಬಿಸಿ ಪಲ್ಯ ಮಾಡಿಕೊಳ್ಳುತ್ತಿದ್ದರು. ಮನೆಯಿಂದ ತಂದ ಜೋಳದ ರೊಟ್ಟಿ ಹಂಚಿಕೊಂಡು ಉಣ್ಣುತ್ತಿದ್ದರು. ಹೊಲದೊಡತಿ ಶರಣಬಸಮ್ಮ ಲಿಂಗ ಕಟ್ಟಿದವಳು. ಜೊತೆಗೆ ಕೂತರೂ ತನ್ನ ಡಬ್ಬಿಯದನ್ನಷ್ಟೇ ಉಣ್ಣುವಳು.

ಬಂಡೆಪ್ಪ ದವಾಖಾನೆಯಿಂದ ಬಂದ ಮರುದಿನ ಆ ಹೆಂಗಸರು ಅವನನ್ನು ಊಟಕ್ಕೆ ಕರೆದರು. ಉಂಡೇ ಬಂದಿದ್ದೇನೆ ಎಂದ. ಅವರಲ್ಲಿ ಅವನ ನೆರೆಮನೆಯ ಸುಗಲಾಬಾಯಿಯೂ ಒಬ್ಬಳು. ಒಲೆಯೇ ಹೊತ್ತದ ಮನೆಯಲ್ಲಿ ಏನು ಉಂಡೆ ಎಂದು ಕೇಳಿಬಿಟ್ಟಳು. ಹೆಂಗಸರು ನಕ್ಕರು. ಬಂಡೆಪ್ಪ ನಾಲ್ಕು ದಿನ ಕುರಿಗಳನ್ನು ಬೇರೆ ದಾರಿಗೆ ಹೊಡೆದ.

ಐದನೆಯ ದಿನ ಸುಗಲಾಬಾಯಿ ಅವನ ಬಾಗಿಲಿಗೆ ಬಂದಳು.

“ಪುಕ್ಕಟ ಉಣ್ಣಾಕ ಯಾರೂ ಕರೀತಿಲ್ಲ, ಅಣ್ಣಾ. ನಾಳಿ ಪಲ್ಯದ ಪಾಳಿ ನಿಂದು.”

“ನಂಗ ಅಡಿಗಿ ಮಾಡಾಕ ಬರಲ್ಲ.”

“ಸೊಪ್ಪು ಎಲ್ಲಿ ಬೆಳೀತದ ಗೊತ್ತದಲ್ಲ? ಮುಂದಿಂದು ನಾ ಹೇಳ್ತೀನಿ.”

ಅದು ಅವನಿಗೆ ಗೊತ್ತಿತ್ತು. ಯಾರೂ ಬಿತ್ತದ ಗೋಳಿ ಸೊಪ್ಪು ಯಾವ ಹೊಲದ ಯಾವ ಮೂಲೆಯಲ್ಲಿ ದಟ್ಟವಾಗಿ ಹಬ್ಬುತ್ತದೆಂದು ಕುರಿಗಳ ಹಿಂದೆ ತಿರುಗಿದವನಿಗೆ ಯಾರೂ ಹೇಳಬೇಕಿರಲಿಲ್ಲ. ಮರುದಿನ ಟವೆಲ್ ತುಂಬ ತಂದ. ಬೇಳೆ ಬೇಯಿಸುವುದನ್ನೂ ಬೆಳ್ಳುಳ್ಳಿ ಒಗ್ಗರಣೆಯನ್ನೂ ಸುಗಲಾಬಾಯಿ ಕೂತಲ್ಲಿಂದಲೇ ಹೇಳಿದಳು, ಕೈ ಹಾಕಲಿಲ್ಲ. ಉಪ್ಪು ಹೆಚ್ಚಾಯಿತು. ಎಲ್ಲರೂ ಇನ್ನೊಂದಿಷ್ಟು ರೊಟ್ಟಿ ಮುರಿದುಕೊಂಡರು. ಬಂಡೆಪ್ಪ ಎರಡು ರೊಟ್ಟಿ ಉಂಡ. ಪಕ್ಕದಲ್ಲಿ ಯಾರಾದರೂ ಕೂತು ಉಣ್ಣುವುದನ್ನು ತಾನು ಮರೆತೇಬಿಟ್ಟಿದ್ದೆ ಎಂದು ಅವನಿಗೆ ಆಗ ಅನ್ನಿಸಿತು.

ವಾರಕ್ಕೆ ಎರಡು ಪಾಳಿ ಅವನದಾದವು. ಕೈ ಕುದುರಿತು. ಒಂದು ದಿನ ಶರಣಬಸಮ್ಮ ಹೊಸ ಪಾತ್ರೆಯೊಂದನ್ನು ತಂದು ಒಲೆಯ ಬಳಿ ಇಟ್ಟಳು. ಹಳೆಯ ಪಾತ್ರೆ ಸುಗಲಾಬಾಯಿಯ ಮನೆಯದು, ಅದರಲ್ಲಿ ಮಾಂಸವೂ ಬೇಯುತ್ತಿತ್ತು.

“ಇದರಾಗ ಮಾಡು, ಬಂಡೆಪ್ಪ. ನಾನೂ ಉಣ್ತೀನಿ.”

“ಹೂನ್ರಿ, ಅಮ್ಮಾರೆ,” ಎಂದ ಅವನು. ಅವಳು ಮೊದಲು ಒಂದು ಸೌಟು ಹಾಕಿಸಿಕೊಂಡಳು, ಆಮೇಲೆ ಇನ್ನರ್ಧ.

ಕಳೆ ಮುಗಿಯಿತು. ಹೆಂಗಸರು ಬೇರೆ ಬೇರೆ ಹೊಲಗಳಿಗೆ ಹತ್ತಿ ಬಿಡಿಸಲು ಹೋದರು. ಬಂಡೆಪ್ಪ ಮತ್ತೆ ಹೋಟೆಲಿಗೆ ಹೋಗಿ ಪೂರಿ ಹೇಳಿದ. ಅರ್ಧ ತಿಂದು ಎದ್ದ. ಮರುದಿನ ಮನೆಯಲ್ಲೇ ಒಲೆ ಹೊತ್ತಿಸಿದ. ಒಬ್ಬನಿಗೆ ಎಷ್ಟು ಬೇಕೆಂಬ ಅಂದಾಜು ಅವನಿಗಿರಲಿಲ್ಲ. ಏಳು ಮಂದಿಗಾಗುವಷ್ಟು ಪಲ್ಯವಾಯಿತು. ಒಂದಿಷ್ಟು ಸುಗಲಾಬಾಯಿಯ ಮನೆಗೆ ಒಯ್ದು ಕೊಟ್ಟ. ಅವಳು ಉಳಿದವರಿಗೆ ಹೇಳಿ ಕಳಿಸಿದಳು. ಆ ಸಂಜೆ ಅವರು ರೊಟ್ಟಿ ಹಿಡಿದು ಅವನ ಅಂಗಳಕ್ಕೇ ಬಂದರು. ಅಂದಿನಿಂದ ಅದು ಪ್ರತಿ ಸೋಮವಾರ ನಡೆಯುತ್ತಿದೆ. ಶರಣಬಸಮ್ಮ ಪ್ರತಿ ಸಲ ಬರುವುದಿಲ್ಲ.

ಸಂಕ್ರಾಂತಿ ಕಳೆದ ಮೇಲೆ ನಾರಾಯಣಖೇಡದಲ್ಲಿ ಮತ್ತೆ ರಕ್ತ ನೋಡಿಸಿದ. ಹತ್ತೂವರೆಗೆ ಏರಿತ್ತು. ಗುಳಿಗೆ ಇನ್ನೂ ನಿಲ್ಲಿಸಬಾರದು ಎಂದರು. ಬಸ್ಸು ಬರಲು ಸಮಯವಿತ್ತು. ಅಂಗಡಿಯಲ್ಲಿ ಒಂದು ಕಿಲೋ ಹೆಸರುಬೇಳೆ ಕೊಂಡು ಊರಿಗೆ ಬಂದ.