ಮಸ್ಕತ್ತಿಗೆ ಹೇಳದ ನೋವು

ಗಲ್ಫಿನಲ್ಲಿರುವವರಿಗೆ ಊರಿನ ಕಾಯಿಲೆ ಕಸಾಲೆ ಹೇಳುವ ಕ್ರಮ ಪುತ್ತಿಗೆಯ ಕಡೆ ಇಲ್ಲ. ದನ ಕರು ಹಾಕಿದರೆ ವೀಡಿಯೊ ಆ ಕ್ಷಣವೇ ಹೋಗುತ್ತದೆ, ಮನುಷ್ಯರು ಆಸ್ಪತ್ರೆ ಸೇರಿದರೆ ಮಾತ್ರ ಗುಟ್ಟು. ದೂರದಲ್ಲಿ ಕೂತು ಸುಮ್ಮನೆ ತಲೆಬಿಸಿ ಮಾಡಿಕೊಳ್ಳುವುದು ಬೇಡವೆಂಬ ಪ್ರೀತಿಯೇ ಅದಕ್ಕೆ ಕಾರಣ. ಹಾಳು ಪ್ರೀತಿ!

ಶಶಿಪ್ರಭಾ ಈ ಕ್ರಮವನ್ನು ಚಾಚೂ ತಪ್ಪದೆ ಪಾಲಿಸಿದವಳು. ಕೆಮ್ಮಿದರೆ, ನಕ್ಕರೆ, ಕೊಡಪಾನ ಎತ್ತಿದರೆ ಅವಳಿಗೆ ಮೂತ್ರ ಸೋರುತ್ತಿತ್ತು. ಮದುವೆಮನೆಗಳಲ್ಲಿ ಬಾಗಿಲ ಪಕ್ಕದ ಕುರ್ಚಿ ಹುಡುಕಿ ಸಾಕಾಗಿ, ಮೂತ್ರನಾಳದ ಕೆಳಗೆ ಬಲೆಯಂಥ ಸಣ್ಣ ಪಟ್ಟಿ ಕೂರಿಸುವ ಆಪರೇಷನ್ ಮಾಡಿಸಿಕೊಂಡಳು. ಮಸ್ಕತ್ತಿನ ಹೋಟೆಲಿನಲ್ಲಿ ಮ್ಯಾನೇಜರಾಗಿದ್ದ ಗಂಡ ರಂಜಿತನಿಗೆ ಫೋನಿನಲ್ಲಿ ಹೇಳಿದ್ದು, "ವಿಟ್ಲಕ್ಕೆ ಅಕ್ಕನ ಮನೆಗೆ ಹೋಗ್ತೇನೆ" ಎಂದಷ್ಟೆ. ಸೋರುವುದು ನಿಂತಿತು. ಎಷ್ಟೋ ಕಾಲದ ಮೇಲೆ ಅವಳು ಹೊಟ್ಟೆ ತುಂಬ ನಕ್ಕಳು.

ಮರುವರ್ಷ ರಂಜಿತ್ ರಜೆಗೆ ಬಂದ. ಬಂದ ರಾತ್ರಿಯೇ ಅವಳನ್ನು ಕೂಡುವಾಗ ತಟ್ಟನೆ ಎದ್ದು ಕೂತ. ನೋವು ಅವಳಿಗೂ ಆಗಿತ್ತು, ಹಲ್ಲು ಕಚ್ಚಿಕೊಂಡಿದ್ದಳು. "ಏನಾಯ್ತು?" ಎಂದು ಕೇಳಿದ್ದಕ್ಕೆ, "ಏನಿಲ್ಲ, ಸೆಕೆ" ಎಂದು ಚಾವಡಿಗೆ ಹೋಗಿ ಮಲಗಿದ. ರಜೆ ಮುಗಿಯುವವರೆಗೂ ಅಲ್ಲೇ ಮಲಗಿದ. ಆಮೇಲೆ ವರ್ಷಗಳು ಕಳೆದರೂ ಊರಿಗೆ ಬರಲಿಲ್ಲ.

ಅಲ್ಲಿ ಯಾರೋ ಸಿಕ್ಕಿರಬೇಕು ಎಂದು ಶಶಿಪ್ರಭಾ ತೀರ್ಮಾನಿಸಿದಳು. ಕೇಳಲು ಸ್ವಾಭಿಮಾನ ಬಿಡಲಿಲ್ಲ. ಫೋನಿನ ಮಾತು ಊಟ ಆಯ್ತಾ, ಮಳೆ ಉಂಟಾ ಎಂಬಲ್ಲಿಗೆ ಬಂದು ನಿಂತಿತು. ನಡುನಡುವೆ ರಕ್ತದ ಕಲೆ ಕಾಣತೊಡಗಿದಾಗ, ಇನ್ನು ಈ ದೇಹ ಯಾರಿಗೆ ಬೇಕಾಗಿದೆ ಎಂದು ಅದನ್ನೂ ಬಟ್ಟೆಯ ಜೊತೆ ಒಗೆದು ಸುಮ್ಮನಾದಳು.

ಕೊನೆಗೆ ಉರಿ ತಡೆಯಲಾರದೆ ಮೂಡುಬಿದಿರೆಯ ಡಾಕ್ಟರ್ ಹರಿಣಾಕ್ಷಿಯ ಬಳಿಗೆ ಹೋದಳು. ಪರೀಕ್ಷೆ ಮಾಡಿದ ಡಾಕ್ಟರು ಅವಳ ಎದುರು ಕುರ್ಚಿ ಎಳೆದು ಕೂತರು.

"ಒಳಗಿನ ಚರ್ಮ ಸವೆದು ಪಟ್ಟಿಯ ಅಂಚು ಹೊರಗೆ ಬಂದಿದೆ. ಕೆಲವರಿಗೆ ಹೀಗಾಗುವುದುಂಟು. ಅಷ್ಟು ಭಾಗ ಕತ್ತರಿಸಿ ತೆಗೆದು ಹೊಲಿಗೆ ಹಾಕುವ. ಸೋರುವುದು ಪುನಃ ಶುರುವಾದರೂ ಆಗಬಹುದು, ಅದನ್ನು ಈಗಲೇ ಹೇಳಿರ್ತೇನೆ."

"ಆಗಲಿ ಡಾಕ್ಟ್ರೇ."

"ನಿಮ್ಮ ಯಜಮಾನರು ಏನೂ ಹೇಳಲಿಲ್ಲವಾ? ಆ ಅಂಚು ಗಂಡಸರಿಗೂ ಚುಚ್ಚುತ್ತದೆ, ಗಾಯ ಆಗ್ತದೆ."

ಶಶಿಪ್ರಭಾಗೆ ಚಾವಡಿಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದ್ದ ಗಂಡ ಕಣ್ಣೆದುರು ಬಂದ.

ಆಪರೇಷನ್ ಮುಗಿಸಿ ಮನೆಗೆ ಬಂದ ದಿನವೇ ಅವನಿಗೆ ಫೋನು ಮಾಡಿದಳು. ಪಟ್ಟಿ ಹಾಕಿಸಿದ್ದು, ಸುಳ್ಳು ಹೇಳಿದ್ದು, ಈಗ ತೆಗೆಸಿದ್ದು ಎಲ್ಲವನ್ನೂ ಉಸಿರು ಬಿಡದೆ ಹೇಳಿದಳು.

"ಆ ರಾತ್ರಿ ಆದ ಗಾಯ ನೋಡಿ ನನಗೇ ಏನೋ ಕೆಟ್ಟ ಕಾಯಿಲೆ ಅಂತ ಗ್ರಹಿಸಿದೆ ಶಶಿ" ಎಂದ ರಂಜಿತ್. "ಡಾಕ್ಟರಿಗೆ ತೋರಿಸಲು ನಾಚಿಕೆ. ನಿನಗೆ ತಾಗಬಾರದು ಅಂತ ಊರಿಗೆ ಬರಲಿಲ್ಲ."

"ನಾನು ನಿಮ್ಮ ಬಗ್ಗೆ ಏನೆಲ್ಲ ಎಣಿಸಿದೆ ಗೊತ್ತುಂಟಾ?" ಅವಳಿಗೆ ತನ್ನ ಮೇಲೂ ಅವನ ಮೇಲೂ ಒಟ್ಟಿಗೇ ಸಿಟ್ಟು ಬಂತು. ಹೋದ ವರ್ಷಗಳನ್ನು ಯಾವ ಡಾಕ್ಟರೂ ಹೊಲಿದು ಕೊಡಲಾರರು.

"ಈಗ ಬರ್ಲಾ?" ಎಂದ ಅವನು. ತನ್ನ ಮನೆಗೆ ಬರಲು ತಾನೇ ಅಪ್ಪಣೆ ಕೇಳುತ್ತಿದ್ದ. ಮತ್ತೆ ಮೆಲ್ಲಗೆ, "ನಿನಗೆ ಕಷ್ಟ ಆಗ್ತದಾದರೆ ಬೇಡ, ಅಡ್ಡಿಯಿಲ್ಲ" ಎಂದ.

"ಬನ್ನಿ ಮಾರಾಯ್ರೇ, ಸಿಕ್ಕಿದ ವಿಮಾನಕ್ಕೆ ಬನ್ನಿ!" ಶಶಿಪ್ರಭಾ ಅಳುತ್ತಲೇ ಕಿರುಚಿದಳು. "ನಾವು ಹೀಗೆ ಒಬ್ಬರನ್ನೊಬ್ಬರು ಕಾಪಾಡಿದ್ದು ಸಾಕು."