ದೂಡಿದ ಕೈ

ಲುವಾಂಗ್ವಾ ಹೊಳೆಯಲ್ಲಿ ನೀರಾನೆಗಳು ಗೊರಗುಡುತ್ತಿವೆ, ನೀರಿನ ಮೇಲೆ ಬಿಸಿಲು ಇಳಿಯಿತು, ಅಂಗಳದಲ್ಲಿ ಚಾಪೆ ಹಾಸುತ್ತಿದ್ದಾಳೆ ಮಲಿತಾ, ನನ್ನ ಹೆಂಡತಿ, ಇವತ್ತು ಅವಳ ಕಾಲು ನೆಲದ ಮೇಲಿಲ್ಲ, ನೆರೆಮನೆಯವರನ್ನೂ ಊಟಕ್ಕೆ ಕರೆದಿದ್ದಾಳೆ, ನಮ್ಮೆಜಮಾನ್ರು ಆನೆ ಬಾಯಿಂದ ಬಿಳಿ ಅಜ್ಜೀನ ಉಳಿಸಿದ್ರು ಕಣ್ರೇ — ಉಳಿಸಿದ್ದು, ನಾನು — ನನ್ನ ಸೋದರಮಾವ ಆಗಲೇ ಬಂದು ಕೂತಿದ್ದಾರೆ, ರಾಷ್ಟ್ರೀಯ ಉದ್ಯಾನದ ಕೋವಿ ಕಾವಲುಗಾರ, ನನ್ನನ್ನು ಮಾರ್ಗದರ್ಶಿ ಕೆಲಸಕ್ಕೆ ಸೇರಿಸಿದವರೇ ಅವರು, ಬೆಳಿಗ್ಗೆ ಕಾಡು ತೋರಿಸಲು ಹೊರಟಾಗ ಮುಂದೆ ಅವರು, ಅವರ ಬೆನ್ನಿಗೆ ನಾನು, ನನ್ನ ಹಿಂದೆ ಕೋಲೂರಿಕೊಂಡು ಆ ಪ್ರವಾಸಿ ಅಜ್ಜಿ. ನಾನೇ ಹೇಳಿದ್ದೆ, ಏನೇ ಬರ್ಲಿ ಓಡ್ಬೇಡಿ ಅಮ್ಮಾ, ನನ್ನ ಹಿಂದೆ ನಿಂತ್ಬಿಡಿ — ಎಷ್ಟು ಚೆನ್ನಾಗಿ ಹೇಳುತ್ತೇನೆ ಇದನ್ನು, ಹನ್ನೊಂದು ವರ್ಷದಿಂದ. ಒಣಹಳ್ಳ, ದಂಡೆಯ ತೂತುಗಳಿಂದ ಕೆಂಪು ಹಕ್ಕಿಗಳು ಗುಂಪುಗುಂಪಾಗಿ ಎದ್ದವು, ಎದುರಿನ ಪೊದೆ ಸೀಳಿಕೊಂಡು ಹೆಣ್ಣಾನೆ, ಹೊಟ್ಟೆಯಡಿ ಮರಿ, ಅಗಲಿಸಿದ ಕಿವಿ, ಧೂಳು, ನನ್ನ ಕಾಲು ನನ್ನ ಮಾತು ಕೇಳಲಿಲ್ಲ — ಅಲ್ಲ, ಕೇಳಿತು, ಓಡು ಅಂದವನು ನಾನೇ, ದಾರಿ ಇಕ್ಕಟ್ಟು, ಅಜ್ಜಿ ಅಡ್ಡ ಇದ್ದಳು, ಅವಳ ಭುಜಕ್ಕೆ ಅಂಗೈ ಕೊಟ್ಟು ದೂಡಿದೆ, ಬಟ್ಟೆಯಡಿ ತೆಳ್ಳನೆ ಮೂಳೆ, ಬಿದ್ದಳು, ದಾಟಿಕೊಂಡು ಹೋಗಿ ಮರದ ಹಿಂದೆ ನಿಂತೆ. ಮಾವ ಕದಲಲಿಲ್ಲ, ಗುಂಡೂ ಹಾರಿಸಲಿಲ್ಲ, ಹೋಗು ತಾಯಿ, ನಿನ್ನ ಮಗೂನ ಯಾರೂ ಮುಟ್ಟಲ್ಲ, ಹೋಗು. ಆನೆ ಹತ್ತು ಹೆಜ್ಜೆ ದೂರದಲ್ಲಿ ನಿಂತು, ತಲೆ ಕೊಡವಿ, ತಿರುಗಿತು. ಮಾವ ಹಿಂದೆ ನೋಡಿದಾಗ ಅಜ್ಜಿ ಮಣ್ಣಿನಲ್ಲಿ ಬೋರಲಾಗಿ, ನಾನು ಅವಳಿಗಿಂತ ಇಪ್ಪತ್ತು ಹೆಜ್ಜೆ ಆಚೆ, ಇನ್ನೇನು ಬೇಕು ತಿಳಿಯಲು. ಓಡಿ ಬಂದು ಎತ್ತಿದೆ. ನೀನು ಕೆಡವಿದ್ದಕ್ಕೇ ಬದುಕಿದೆ ಮಗನೇ ಅಂತ ಕೈ ಹಿಡಿದು ಅತ್ತಳು, ಪರವಾಗಿಲ್ಲ ಅಮ್ಮಾ ಅಂದೆ, ಅಂದುಬಿಟ್ಟೆ, ಶಿಬಿರ ಮುಟ್ಟುವಷ್ಟರಲ್ಲಿ ನಾನು ಆನೆಗೆ ಅಡ್ಡ ನಿಂತವನಾಗಿದ್ದೆ, ಚಪ್ಪಾಳೆ, ಮಾವ ಕೋವಿ ಒರೆಸುತ್ತಾ ಕೂತರು, ಬೈದಿದ್ದರೆ, ಕೆನ್ನೆಗೆ ಒಂದು ಬಾರಿಸಿದ್ದರೆ — ಮೆಕ್ಕೆಜೋಳದ ಬಿಸಿ ನ್ಶಿಮಾ ಮುದ್ದೆ ಬಂತು, ಬೆಂಡೆಕಾಯಿ, ಒಣಮೀನು, ನೆರೆಮನೆಯ ಜಿಲೋಮೊ ನಗುತ್ತಾನೆ, ದೊಡ್ಡ ಮೀನು ಶೂರ ಯೊತಾಮುಗೇ ಹಾಕಮ್ಮಾ. ರೀ, ಆನೆ ಮುಂದೆ ಹೇಗ್ ನಿಂತಿದ್ರಿ, ಎದ್ದು ತೋರಿಸ್ರೀ, ಮಾವ, ನೀವಾದ್ರೂ ಹೇಳಿ. ಮಾವ ತಲೆಯೆತ್ತಲಿಲ್ಲ. ಯೊತಾಮುನೇ ತೋರಿಸ್ಲಿ ಬಿಡಮ್ಮ. ಹೇಳಿಬಿಡಬೇಕು, ಈಗಲೇ, ಬಾಯಿ ತೆರೆದೆ, ಮಲಿತಾಳ ಮುಖ ಅಷ್ಟು ಅರಳಿದ್ದನ್ನು ನಾನು ಮದುವೆಯ ದಿನವೂ ನೋಡಿರಲಿಲ್ಲ — ಎದ್ದೆ, ಎರಡೂ ಕೈ ಚಾಚಿ ನಿಂತೆ, ಹೀಗೆ, ಎಲ್ಲರೂ ಓಹೋ ಅಂದರು, ಮಾವನ ಬೆರಳಲ್ಲಿ ಒಂದು ತುತ್ತು ಉಂಡೆಯಾಗಿ ಉರುಳುತ್ತಿದೆ, ಬಾಯಿಗೆ ಹೋಗುತ್ತಿಲ್ಲ, ಉರುಳುತ್ತಲೇ ಇದೆ, ಅದೇ ತುತ್ತು, ಬಿಳಿ, ತಣ್ಣಗಾಗಿದೆ, ಉರುಳುತ್ತಿದೆ